ಮೂರನೇ ಕ್ರಾಸ್ ಚರಂಡಿ: ಇವತ್ತಾದರೂ ತೀರ್ಮಾನ ಮಾಡೋಣ

ಮನೆ 14: ಮಧ್ಯರಾತ್ರಿ ಮತ್ತೆ ಮ್ಯಾನ್‌ಹೋಲ್ ಉಕ್ಕಿತು. ಕೊಳಚೆ ಹಾಲ್‌ವರೆಗೆ ಬಂತು. ಅಮ್ಮನನ್ನು ಮಂಚದ ಮೇಲೆ ಕೂರಿಸಿ ಬೆಳಗಾಗುವ ತನಕ ಬಕೆಟ್‌ನಲ್ಲಿ ಎತ್ತಿ ಹಾಕಿದೆವು. ಫೋನ್ ಮಾಡಿದರೆ ದುಡ್ಡಿಲ್ಲ, ಮುಂದಿನ ಬಜೆಟ್‌ನಲ್ಲಿ ನೋಡೋಣ ಅಂತಾರೆ. ಸಾಕಾಗಿದೆ!

ಮನೆ 22: ಮೂಲೆ ಅಪಾರ್ಟ್‌ಮೆಂಟಿನವರು ಮಳೆನೀರನ್ನೂ ಯುಜಿಡಿಗೇ (ಒಳಚರಂಡಿಗೇ) ಬಿಟ್ಟಿದ್ದಾರೆ. ಆವತ್ತೇ ಹೇಳಿದ್ದೆ, ಯಾರೂ ಕೇಳಲಿಲ್ಲ.

ಅಪಾರ್ಟ್‌ಮೆಂಟ್ ಎ-3: ಸುಮ್ನೆ ನಮ್ಮ ಮೇಲೆ ಹಾಕಬೇಡಿ ಸರ್. ನಾವು ಬರುವ ಮೊದಲೂ ಉಕ್ಕುತ್ತಿತ್ತು.

ಮನೆ 9: ಜಗಳ ಆಮೇಲೆ. ದುಡ್ಡಿಲ್ಲ ಅನ್ನುವ ನೆಪ ಕೋರ್ಟಿನಲ್ಲಿ ನಡೆಯುವುದಿಲ್ಲ. ಮಧ್ಯಪ್ರದೇಶದ ರತ್ಲಾಂ ಕೇಸ್ ನೋಡಿ. ಅಲ್ಲೂ ತೆರೆದ ಚರಂಡಿ, ಜೊತೆಗೆ ಮದ್ಯಸಾರ ಕಾರ್ಖಾನೆಯ ಹೊಲಸು. ಜನ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು, ಅವರು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್ ಕೆಳಗೆ ಸರಿ ಮಾಡಿ ಅಂತ ಪುರಸಭೆಗೆ ಆದೇಶ ಕೊಟ್ಟರು. ಸೆಷನ್ಸ್ ಕೋರ್ಟ್ ಅದನ್ನು ತಳ್ಳಿಹಾಕಿತು, ಹೈಕೋರ್ಟ್ ಮ್ಯಾಜಿಸ್ಟ್ರೇಟ್ ಆದೇಶವನ್ನೇ ಎತ್ತಿಹಿಡಿಯಿತು. ಪುರಸಭೆ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ಕೃಷ್ಣ ಅಯ್ಯರ್, ಚಿನ್ನಪ್ಪ ರೆಡ್ಡಿ ಅವರ ಪೀಠ ಅಲ್ಲೂ ಸೋಲಿಸಿತು. ಚರಂಡಿ ಕಟ್ಟಿಸಿ ಅಂತ ಪುರಸಭೆಗೆ ಹೇಳುವ ಅಧಿಕಾರ ನ್ಯಾಯಾಲಯಕ್ಕೆ ಇದೆ ಅಂತ ಅಲ್ಲೇ ಖಚಿತವಾಯಿತು. ಆ 133 ಈಗ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 152ನೇ ಸೆಕ್ಷನ್. ಎಸಿ (ಉಪವಿಭಾಗದ ಮ್ಯಾಜಿಸ್ಟ್ರೇಟ್) ಆಫೀಸಿಗೆ ಅರ್ಜಿ ಕೊಡೋಣ.

ಮನೆ 22: ತಗ್ಗು ಸೈಟು ಅಂತ ಗೊತ್ತಿದ್ದೇ ತಗೊಂಡಿದ್ದಲ್ವಾ? ಈಗ ಅತ್ತರೆ ಹೇಗೆ?

ಮನೆ 9: ಗೊತ್ತಿದ್ದೇ ಬಂದು ನೆಲೆಸಿದ್ದಾರೆ ಅಂತ ರತ್ಲಾಂ ಪುರಸಭೆಯೂ ವಾದಿಸಿತ್ತು ಸರ್. ಕೋರ್ಟ್ ಒಪ್ಪಲಿಲ್ಲ.

ಮನೆ 14: ಹಾಗಾದರೆ ತೆರಿಗೆ ಕಟ್ಟುವಾಗ ಮಾತ್ರ ನಮ್ಮ ಮನೆ ತಗ್ಗಲ್ಲ, ಅಲ್ವಾ ಅಂಕಲ್?

ಮನೆ 31: ಶುಭೋದಯ! ಈ ಸಂದೇಶ ಹತ್ತು ಜನರಿಗೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ.

ಮನೆ 6: ಆ ಹತ್ತು ಜನ ಅರ್ಜಿಗೆ ಸಹಿ ಹಾಕಲಿ ಮೇಡಂ, ಅದೇ ಶುಭ ಸುದ್ದಿ 😄

ಮನೆ 22: ಕೋರ್ಟು ಕಚೇರಿ ಅಂತ ಹೋದರೆ ವರ್ಷಗಟ್ಟಲೆ ಆಗುತ್ತೆ. ನನಗೆ ಗೊತ್ತಿರುವ ಇಂಜಿನಿಯರ್ ಇದ್ದಾರೆ, ನಾನು ಮಾತಾಡುತ್ತೇನೆ. ಎಲ್ಲರೂ ಸುಮ್ಮನಿರಿ.

ಮನೆ 9: ಮಾತಾಡಿ, ಬೇಡ ಅನ್ನಲ್ಲ. ಅರ್ಜಿಯೂ ಹೋಗಲಿ. ಫೋಟೋ, ಹಳೆಯ ದೂರುಗಳ ನಂಬರ್ ನನಗೆ ಕಳಿಸಿ. ಸಹಿಗೆ ಯಾರು ಯಾರು?

ಮನೆ 14: ನಾನು.

ಮನೆ 17: ಒಂದು ನಿಮಿಷ. ಇವತ್ತು ನಲ್ಲಿ ನೀರು ಯಾರಿಗಾದರೂ ವಾಸನೆ ಬಂತಾ?

ಅಪಾರ್ಟ್‌ಮೆಂಟ್ ಎ-3: ಹೌದು! ನಮ್ಮ ಸಂಪಿಗೂ ಬಂದಿದೆ. ಯಾರೂ ಕುಡಿಯಬೇಡಿ.

ಮನೆ 6: ಟ್ಯಾಂಕರ್ ಹೇಳೋಣವಾ? ಇಬ್ಬರಿಗೆ ಒಂದು ಲೋಡ್ ಸಾಕು.

ಮನೆ 22: ನನ್ನದು ಬರೆದುಕೊಳ್ಳಿ.

ಮನೆ 31: ನಮ್ಮದೂ.

ಮನೆ 9: ಟ್ಯಾಂಕರ್ ಸರಿ. ಸಹಿ?

ಮನೆ 17: ಮೊದಲು ಟ್ಯಾಂಕರ್ ಲಿಸ್ಟ್ ಮುಗಿಸೋಣ ಸರ್. ಲೋಡಿಗೆ ಎಷ್ಟಂತೆ?