ಬಟ್ಟೆ ಗೊಂಬೆಗೆ ಮಿಲ್ ವೇಸ್ಟ್ ಹತ್ತಿ ತುಂಬಬಹುದಾ?

ಹೊಲಿಗೆಮನೆ, ದಾವಣಗೆರೆ: ನಮ್ಮ ಸ್ತ್ರೀಶಕ್ತಿ ಸಂಘದವರು ಒಂದಡಿ ಎತ್ತರದ ಆನೆ, ಮೊಲ ಹೊಲೀತಿದ್ದೀವಿ. ಮಿಲ್ ವೇಸ್ಟ್ ಹತ್ತಿ, ಅಂದ್ರೆ ನೂಲಿನ ಗಿರಣಿಯಲ್ಲಿ ಉಳಿದದ್ದು, ಅಗ್ಗಕ್ಕೆ ಸಿಗುತ್ತೆ. ಹಳೇ ಗಾದಿ ಹತ್ತಿ ಹಿಂಜಿ ಕೊಡೋರೂ ಇದ್ದಾರೆ. ಎರಡು ವರ್ಷದ ಮಕ್ಕಳ ಕೈಗೂ ಹೋಗೋ ಗೊಂಬೆಗಳಿವು. ಯಾವುದು ತುಂಬೋದು? ಐಎಸ್ಐ ಮಾರ್ಕ್ ನಮಗೂ ಬೇಕಾ?

ಹತ್ತಿಕಾಳು: ಗಾದಿ ಹತ್ತಿ ಬೇಡವೇ ಬೇಡ ಅಕ್ಕಾ. ವರ್ಷಗಟ್ಟಲೆ ಬೆವರು, ಧೂಳು ಕುಡಿದಿರುತ್ತೆ. ಹಿಂಜಿದರೆ ಉಬ್ಬುತ್ತೆ, ಶುದ್ಧವಾಗಲ್ಲ. ಆಟಿಕೆಯ ಮಾನಕ ಐಎಸ್ 9873 ಭಾಗ 1ರ ಪ್ರಕಾರ ಸಾಮಗ್ರಿ ಬರಿಗಣ್ಣಿಗೆ ಶುದ್ಧವಾಗಿ ಕಾಣಬೇಕು, ಹುಳುಹುಪ್ಪಟೆ ಇರಬಾರದು.

ಮಿಲ್ ವೇಸ್ಟನ್ನು ನೀವೇ ನೋಡಿ. ಒಂದು ಹಿಡಿ ತಗೊಂಡು ಬಿಳಿ ಹಾಳೆ ಮೇಲೆ ಬಿಡಿಸಿ ಕೊಡವಿ. ಕಂದು ಚುಕ್ಕಿಗಳು ಉದುರುತ್ತವೆ: ಕಾಳಿನ ಸಿಪ್ಪೆ, ಒಣಗಿದ ಎಲೆಪುಡಿ. ಸಿಪ್ಪೆಯ ಚೂರು ತೆಳುಬಟ್ಟೆ ದಾಟಿ ಚುಚ್ಚುತ್ತೆ, ನೆನೆದರೆ ಕಲೆ ಬಿಡುತ್ತೆ. ಹಾಗೇ ಅಯಸ್ಕಾಂತ ಆಡಿಸಿ, ಹತ್ತಿ ಮೂಟೆಗೆ ಕಟ್ಟಿದ ತಂತಿಯ ಚೂರು ಸಿಕ್ಕರೂ ಸಿಗಬಹುದು.

ರಿಕ್ರಾನ್ ಮೂಟೆ: ಹತ್ತಿ ಶುದ್ಧವಿದ್ದರೂ ಇನ್ನೊಂದು ತೊಂದರೆ ಇದೆ. ಗೊಂಬೆ ತೊಳೆದಾಗ ಮೇಲ್ಬಟ್ಟೆ ಒಣಗುತ್ತೆ, ನಡುವಿನ ಉಂಡೆ ಹಸಿಯಾಗೇ ಉಳಿದು ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತೆ. ಅದಕ್ಕೆ ಹೊಸ ಬಿಳಿ ಪಾಲಿಯೆಸ್ಟರ್ ಫೈಬರ್ ತಗೊಳ್ಳಿ, ಅಂಗಡಿಯಲ್ಲಿ ರಿಕ್ರಾನ್ ಅಂತಾರೆ. ಒಂದಡಿ ಗೊಂಬೆಗೆ ಸುಮಾರು 150–200 ಗ್ರಾಂ ಹಿಡಿಯುತ್ತೆ. ಬಣ್ಣದ ಎಳೆ ಕಲೆತಿದ್ದರೆ ಹಳೇ ಬಟ್ಟೆ ಚಿಂದಿ ಸೇರಿಸಿದ್ದು ಅಂತಲೇ ಅನುಮಾನಿಸಿ. ಒಂದು ಎಳೆ ಸುಡಿ: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತೆ. ಒಂದು ಹಿಡಿ ಫೈಬರ್ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿದಾಗ ನೀರು ಕದಡಿದರೆ, ಎಣ್ಣೆ ವಾಸನೆ ಬಂದರೆ ಮೂಟೆ ವಾಪಸ್ ಕೊಡಿ.

ಥರ್ಮಾಕೋಲ್ ಕಾಳು ತುಂಬಬೇಡಿ. ಹೊಲಿಗೆ ಬಿಚ್ಚಿದರೆ ಮೂಗು, ಗಂಟಲಿಗೆ ಹೋಗೋದು ಅದೇ.

ಎರಡೆಳೆ ದಾರ: ಫೈಬರ್ ಎಷ್ಟು ಒಳ್ಳೇದಾದರೂ ಹೊಲಿಗೆ ಬಿಟ್ಟರೆ ಮಗುವಿನ ಬಾಯಿಗೇ. ಮಾನಕದ ಪರೀಕ್ಷೆಯಲ್ಲಿ ಹೊಲಿಗೆಯನ್ನು 70 ನ್ಯೂಟನ್ ಬಲದಿಂದ ಎಳೆದು 10 ಸೆಕೆಂಡು ಹಿಡೀತಾರೆ. ಮನೇಲಿ ಹೊಲಿಗೆಯ ಎರಡೂ ಬದಿಗೆ ಅಗಲ ಕ್ಲಿಪ್ ಹಾಕಿ, ಒಂದಕ್ಕೆ 7 ಕೆಜಿ ತೂಗುಹಾಕಿ ನೋಡಿ. ಸಾಮಾನ್ಯವಾಗಿ ಸೋಲೋದು ತುಂಬಲು ಬಿಟ್ಟ ಬಾಯಿ, ಯಾಕಂದ್ರೆ ಅದು ಕೈಹೊಲಿಗೆ. ಅಲ್ಲಿ ಎರಡೆಳೆ ದಾರ, ಒತ್ತೊತ್ತಾದ ಟಾಕಿ. ಮಿಷನ್ ಹೊಲಿಗೆಗೆ 8 ಮಿಲಿಮೀಟರ್ ಅಂಚು ಬಿಟ್ಟು ಎರಡು ಸಾಲು. ಕಣ್ಣು, ಮೂಗು ಗುಂಡಿ ಬೇಡ, ದಾರದ ಕಸೂತಿ ಸಾಕು. ಸೂಜಿ ಮುರಿದರೆ ಎಲ್ಲ ಚೂರು ಸಿಗೋವರೆಗೂ ಆ ಗೊಂಬೆ ಪಕ್ಕಕ್ಕಿಡಿ. ತುಂಬಿದ ಮೇಲೆ ಹುಡುಕೋದು ಬಲು ಕಷ್ಟ.

ಹತ್ತಿಕಾಳು: ಮಾರ್ಕಿನ ವಿಷಯ ಉಳೀತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಸಂಘದ ನೋಂದಣಿ ಅದಕ್ಕೆ ಸಾಲದು, ಹೊಲಿಯೋರ ಹೆಸರಲ್ಲೇ ಕುಶಲಕರ್ಮಿ ಕಾರ್ಡ್ ಬೇಕು. ಮೊದಲು ಅದಕ್ಕೆ ಅರ್ಜಿ ಹಾಕಿ, ಆಮೇಲೆ ಮೂಟೆ ಫೈಬರ್ ಖರೀದಿಸಿ.