ಹುಬ್ಬಳ್ಳಿಯ ಖಾನಾವಳಿ, ಹೋಟೆಲ್, ಲಾಡ್ಜ್‌ನಲ್ಲಿ ಯಾರಿಗೆ ಎಷ್ಟು ಟಿಪ್ಸ್ ಕೊಡುತ್ತೀರಿ?

ಗದಗದಿಂದ ಕೇಳಿದವರು

ನಮಸ್ಕಾರ್ರೀ. ಮುಂದಿನ ತಿಂಗಳು ನಮ್ಮ ಅಪ್ಪನಿಗೆ ಎಪ್ಪತ್ತು ತುಂಬುತ್ತದೆ. ಕಾರ್ಯಕ್ರಮ ಹುಬ್ಬಳ್ಳಿಯಲ್ಲಿ ಇಟ್ಟುಕೊಂಡಿದ್ದೇವೆ. ಪುಣೆ, ಸೊಲ್ಲಾಪುರ, ಬೆಂಗಳೂರಿನಿಂದ ಬೀಗರು, ನೆಂಟರು ಬರುತ್ತಾರೆ. ಎರಡು ರಾತ್ರಿ ಲಾಡ್ಜ್, ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಊಟ, ಒಂದು ರಾತ್ರಿ ದೊಡ್ಡ ಫ್ಯಾಮಿಲಿ ರೆಸ್ಟೋರೆಂಟ್‌ನಲ್ಲಿ ಎಲ್ಲರೂ ಸೇರಿ ಊಟ. ಟಿಪ್ಸ್ ಎಷ್ಟು ಕೊಡಬೇಕು ಅನ್ನೋದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ತಮ್ಮ ಹತ್ತು ಪರ್ಸೆಂಟ್ ಅಂತಾನೆ. ಅವ್ವ ಇಪ್ಪತ್ತು ರೂಪಾಯಿ ಇಟ್ಟರೆ ಸಾಕು ಅಂತಾಳೆ. ನೀವೆಲ್ಲ ಹೇಗೆ ಕೊಡುತ್ತೀರಿ, ಹೇಳ್ತೀರಾ?

ಧಾರವಾಡ, ನಿವೃತ್ತ ಉಪನ್ಯಾಸಕರು

ನಮ್ಮ ಕಡೆ ಪರ್ಸೆಂಟ್ ಲೆಕ್ಕ ಎಲ್ಲ ಕಡೆ ಹೊಂದುವುದಿಲ್ಲ. ನೂರು ರೂಪಾಯಿಯ ಊಟಕ್ಕೆ ಹತ್ತು ರೂಪಾಯಿ ಸರಿ. ಆದರೆ ಬಿಲ್ ಹದಿನೈದು ಸಾವಿರವಾದರೆ ಅದೇ ಲೆಕ್ಕ ಹೊರೆಯಾಗುತ್ತದೆ.

ಖಾನಾವಳಿಗೆ ಹೋಗುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಬಡಿಸುವವರು ಯಾರು? ಸಣ್ಣ ಖಾನಾವಳಿಗಳಲ್ಲಿ ಮನೆಯವರೇ ಬಡಿಸುತ್ತಾರೆ. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆ ಮುಂದೆ, ಮಗ ತಾಟು ಹಿಡಿದುಕೊಂಡು ಓಡಾಡುತ್ತಿರುತ್ತಾನೆ. ಅಂಥಲ್ಲಿ ಟಿಪ್ಸ್ ಕೊಟ್ಟರೆ ಅವರಿಗೆ ಮುಜುಗರ. "ಇದೇನ್ರೀ, ಬ್ಯಾಡ್ರೀ" ಅಂತ ವಾಪಸ್ ಕೊಡುತ್ತಾರೆ. ಅಲ್ಲಿ ಮನಸಾರೆ ಉಂಡು, ಬಾಯಿ ತುಂಬ ಹೊಗಳಿ, ಪುಣೆಯವರ ಕೈಗೆ ನಾಲ್ಕು ಕಟ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಂಡು ಕೊಡಿ. ಅದರಿಂದ ಅವರಿಗೆ ನಿಜವಾದ ಲಾಭ ಆಗುತ್ತದೆ.

ಕೆಲಸದವರು ಬಡಿಸುವ ಖಾನಾವಳಿಯಾದರೆ ತಲೆಗೆ ಐದೋ ಹತ್ತೋ ರೂಪಾಯಿಯಂತೆ ಒಟ್ಟು ಮಾಡಿ ಕೊಡಿ. ಇಪ್ಪತ್ತು ಜನ ಉಂಡರೆ ಇನ್ನೂರು. ಮತ್ತೆ ಮತ್ತೆ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ತಂದು ಹಾಕಿದವರಿಗೆ ಇದು ಜಾಸ್ತಿ ಏನಲ್ಲ.

ಹಾವೇರಿ, ಮೊದಲು ಹುಬ್ಬಳ್ಳಿಯಲ್ಲಿ ಸಪ್ಲೈಯರ್ ಆಗಿದ್ದವರು

ನಾನು ಹುಬ್ಬಳ್ಳಿಯ ಹೋಟೆಲ್‌ಗಳಲ್ಲಿ ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್ ಆಗಿದ್ದೆ. ಈಗ ಸ್ವಂತ ಚಹಾದಂಗಡಿ ಇದೆ. ಟೇಬಲ್ ಮೇಲೆ ಇಟ್ಟ ದುಡ್ಡು ಎಲ್ಲಿ ಹೋಗುತ್ತದೆ ಅನ್ನೋದನ್ನ ಹೇಳುತ್ತೇನೆ. ಎಷ್ಟು ಅನ್ನೋದಕ್ಕಿಂತ ಅದು ಮುಖ್ಯ.

ಕೆಲವು ಕಡೆ ಯಾವ ಟೇಬಲ್ ಯಾರದೋ ಅಲ್ಲಿನ ಟಿಪ್ಸ್ ಆ ಸಪ್ಲೈಯರ್‌ಗೆ. ಕೆಲವು ಕಡೆ ಗಲ್ಲಾದ ಬಾಜೂಕೆ ಒಂದು ಡಬ್ಬಿ ಇರುತ್ತದೆ. ಎಲ್ಲ ಅದರೊಳಗೆ ಬೀಳುತ್ತದೆ, ರಾತ್ರಿ ಹಂಚಿಕೊಳ್ಳುತ್ತಾರೆ. ಡಬ್ಬಿ ಇದ್ದರೆ ಪಾತ್ರೆ ತೊಳೆಯುವವರಿಗೂ ಏನಾದರೂ ಸಿಗುತ್ತದೆ. ಡಬ್ಬಿ ಇಲ್ಲದಿದ್ದರೆ ಟೇಬಲ್ ಒರೆಸುವ ಹುಡುಗನಿಗೆ ಬಹಳ ಸಲ ಏನೂ ಇಲ್ಲ. ನಿಮ್ಮ ಎಂಜಲು ತಾಟು ಎತ್ತಿದವನು ಅವನು. ಅವನನ್ನು ಕರೆದು ಇಪ್ಪತ್ತು ರೂಪಾಯಿ ಅವನ ಕೈಗೇ ಕೊಡಿ. ಕೊಡುವ ಮೊದಲು ಡಬ್ಬಿ ಇದೆಯಾ ಅಂತ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎರಡನೇದು, ಫೋನ್‌ಪೇ. ಟೇಬಲ್ ಮೇಲಿನ ಕ್ಯೂಆರ್ ಕೋಡ್ ಮಾಲೀಕರ ಖಾತೆಯದು. 940 ಬಿಲ್‌ಗೆ ಸಾವಿರ ಹೊಡೆದು "ಉಳಿದದ್ದು ನಿಂಗ ಇರ್ಲಿ ತಮ್ಮಾ" ಅಂದರೆ ಆ ಅರವತ್ತು ಸೀದಾ ಮಾಲೀಕರಿಗೆ ಹೋಗುತ್ತದೆ. ಒಳ್ಳೆಯ ಮಾಲೀಕರು ರಾತ್ರಿ ಲೆಕ್ಕ ಹಾಕಿ ಕೊಡುತ್ತಾರೆ. ಎಲ್ಲರೂ ಕೊಡುವುದಿಲ್ಲ. ಬಿಲ್ ಫೋನಿನಲ್ಲಿ ಕಟ್ಟಿ, ಟಿಪ್ಸ್ ಮಾತ್ರ ನಗದು ಕೊಡಿ.

ಇನ್ನು ನಿಮ್ಮ ರಾತ್ರಿ ಊಟ. ದೊಡ್ಡ ಗುಂಪು ಬಂದರೆ ಇಬ್ಬರು ಸಪ್ಲೈಯರ್, ಒಬ್ಬ ನೀರಿನ ಹುಡುಗ ಪೂರ್ತಿ ನಿಮಗೇ ಬೇಕು. ಬೇರೆ ಟೇಬಲ್‌ನ ಟಿಪ್ಸ್ ಅವರಿಗೆ ಆವತ್ತು ಇಲ್ಲ. ಬಿಲ್ ಹತ್ತು ಸಾವಿರ ಅಂತ ಇಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಐದುನೂರು ಸರಿ. ಸಪ್ಲೈಯರ್‌ಗಳಿಗೆ ಇನ್ನೂರು ಇನ್ನೂರು, ಹುಡುಗನಿಗೆ ನೂರು. ಕ್ಯಾಪ್ಟನ್ ಕೈಗೆ ಒಟ್ಟಿಗೆ ಕೊಟ್ಟು "ಹಂಚ್ರಿ" ಅನ್ನಬೇಡಿ. ಬೇರೆ ಬೇರೆ ಕೊಡಿ.

ಮಾತಾಡುತ್ತಾ ಹನ್ನೊಂದು ಗಂಟೆ ಮೇಲೂ ಕೂತರೆ ಇನ್ನಷ್ಟು ಕೊಡಿ. ಕೊನೆಯ ಗಿರಾಕಿ ಎದ್ದ ಮೇಲೆ ಹಾಲ್ ತೊಳೆದು, ಆಮೇಲೆ ನಮ್ಮ ಊಟ. ಅನ್ನ ಆರಿರುತ್ತದೆ, ಊರಿನ ಕೊನೆ ಬಸ್ಸೂ ಹೋಗಿರುತ್ತದೆ. ಇದು ಕೂತು ಉಣ್ಣುವವರಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಊಟಕ್ಕೆ ಮೊದಲೇ ಕೊಟ್ಟು ಚೆನ್ನಾಗಿ ನೋಡಿಕೊಳ್ಳಿ ಅನ್ನುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪಕ್ಕದ ಟೇಬಲ್‌ನಲ್ಲಿ ಮಕ್ಕಳಿಟ್ಟುಕೊಂಡು ಕಾಯುವವರ ಊಟ ತಡವಾಗುತ್ತದೆ.

ಹುಬ್ಬಳ್ಳಿ, ವಿದ್ಯಾನಗರ

ದೊಡ್ಡ ರೆಸ್ಟೋರೆಂಟ್ ಅಂದರಲ್ಲ, ಮೊದಲು ಬಿಲ್ ಓದಿ. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಅದನ್ನು ಕಟ್ಟಲೇಬೇಕು. ಸರ್ವಿಸ್ ಚಾರ್ಜ್ ಬೇರೆ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಹೋಟೆಲ್‌ನವರು ತಾವಾಗಿಯೇ ಬಿಲ್‌ಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ಸೇರಿಸುವಂತಿಲ್ಲ. ಹೋಟೆಲ್ ಸಂಘಟನೆಗಳು ಇದರ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋಗಿದ್ದವು. 2025ರ ಮಾರ್ಚ್ 28ರಂದು ಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು.

ನಮ್ಮ ಮಗಳ ಹುಟ್ಟುಹಬ್ಬಕ್ಕೆ ಇಲ್ಲಿನ ಒಂದು ಕಡೆ ಹೀಗೇ ಸೇರಿಸಿದ್ದರು. ಕೇಳಿದರೆ "ಎಲ್ಲರೂ ಕೊಡ್ತಾರ್ರೀ" ಅಂದರು. ಸಮಾಧಾನವಾಗಿ ತೆಗೆಯಲು ಹೇಳಿದೆ, ಮ್ಯಾನೇಜರ್ ಬಂದು ತೆಗೆದರು. ಆ ದುಡ್ಡನ್ನು ಬಡಿಸಿದ ಹುಡುಗನಿಗೆ ಕೊಟ್ಟು ಬಂದೆ. ತೆಗೆಯದೇ ಜಗಳಕ್ಕೆ ನಿಂತರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಡಿಸುವ ಹುಡುಗನ ಮೇಲೆ ಮಾತ್ರ ಸಿಟ್ಟು ಮಾಡಬೇಡಿ. ಬಿಲ್ ಹಾಕುವವನು ಅವನಲ್ಲ.

ರಾಣೆಬೆನ್ನೂರು, ಕಂಪನಿ ಕೆಲಸಕ್ಕೆ ಊರೂರು ತಿರುಗುವವರು

ಲಾಡ್ಜ್ ಬಗ್ಗೆ ನಾನು ಹೇಳುತ್ತೇನೆ ಅಕ್ಕಾ. ಬ್ಯಾಗ್ ಎತ್ತಿಕೊಂಡು ಬಂದವನಿಗೆ ಎಲ್ಲರೂ ಕೊಡುತ್ತಾರೆ. ಎದುರಿಗೇ ನಿಂತಿರುತ್ತಾನೆ, ಕೊಡದೇ ಇರಲು ಆಗುವುದಿಲ್ಲ. ಬಚ್ಚಲು ತಿಕ್ಕಿ, ಹಾಸಿಗೆ ಬದಲಿಸಿದ ಹೆಂಗಸು ಕಣ್ಣಿಗೆ ಬೀಳುವುದೇ ಇಲ್ಲ. ನೀವು ಹೊರಗೆ ಹೋದಾಗ ಬಂದು ಕೆಲಸ ಮುಗಿಸಿ ಹೋಗಿರುತ್ತಾಳೆ.

ಅವಳಿಗೆ ಕೊನೆಯ ದಿನ ಒಟ್ಟಿಗೆ ಕೊಡೋಣ ಅಂದುಕೊಳ್ಳಬೇಡಿ. ಪಾಳಿ ಬದಲಾಗಿ, ಎರಡನೇ ದಿನ ಬೇರೆಯವರು ಬಂದಿರುತ್ತಾರೆ. ದಿನವೂ ಬೆಳಿಗ್ಗೆ ರೂಮಿಗೆ ಐವತ್ತು ಇಡಿ, ಮಕ್ಕಳಿರುವ ರೂಮಿಗೆ ನೂರು. ಸುಮ್ನೆ ಮೇಜಿನ ಮೇಲೆ ದುಡ್ಡು ಬಿಟ್ಟರೆ ಅವರು ಮುಟ್ಟುವುದಿಲ್ಲ. ಕದ್ದರು ಅಂತ ಹೇಳಿಸಿಕೊಳ್ಳುವ ಭಯ. ಒಂದು ಚೀಟಿಯಲ್ಲಿ "ರೂಮ್ ಸ್ವಚ್ಛ ಮಾಡಿದವರಿಗೆ" ಅಂತ ಕನ್ನಡದಲ್ಲಿ ಬರೆದು ಅದರ ಕೆಳಗೆ ಇಡಿ. ಬಿಸಿನೀರು, ಚಹಾ ತಂದುಕೊಡುವ ರೂಮ್ ಬಾಯ್‌ಗೆ ಪ್ರತಿ ಸಲ ಹತ್ತು ಇಪ್ಪತ್ತು ಸಾಕು.

ಹುಬ್ಬಳ್ಳಿ, ಕೇಶ್ವಾಪುರ

ನಾನು ಕೊಡುವುದೇ ಇಲ್ಲ. ಸಂಬಳ ಕೊಡುವುದು ಮಾಲೀಕರ ಕೆಲಸ. ನಾವು ಟಿಪ್ಸ್ ಕೊಟ್ಟಷ್ಟೂ ಅವರು ಸಂಬಳ ಏರಿಸುವುದಿಲ್ಲ.

ಹಾವೇರಿ, ಚಹಾದಂಗಡಿಯವರು

ಅಣ್ಣಾ, ಸಂಬಳ ಮಾಲೀಕರೇ ಸರಿಯಾಗಿ ಕೊಡಬೇಕು ಅನ್ನೋದು ನೂರಕ್ಕೆ ನೂರು ನಿಜ. ಆದರೆ ನೀವು ಕೊಡದೇ ಹೋದರೆ ಸಂಬಳ ಏರುತ್ತದೆ ಅನ್ನೋದು ನಾನು ಕೆಲಸ ಮಾಡಿದ ಎಲ್ಲೂ ಆಗಲಿಲ್ಲ. ಆ ತಿಂಗಳು ಮನೆಗೆ ಕಳಿಸುವ ದುಡ್ಡು ಕಡಿಮೆಯಾಗುತ್ತಿತ್ತು, ಅಷ್ಟೇ. ಟಿಪ್ಸ್ ಕೊಡಲು ಮನಸ್ಸಿಲ್ಲದಿದ್ದರೆ ಹೋಗುವಾಗ ಗಲ್ಲಾದಲ್ಲಿ "ಈ ಹುಡುಗ ಚಲೋ ನೋಡಿಕೊಂಡ" ಅಂತ ಒಂದು ಮಾತು ಹೇಳಿ. ಸಂಬಳ ಏರಿಸಿ ಅಂತ ಕೇಳುವಾಗ ನಮಗೆ ಅದು ಕೆಲಸಕ್ಕೆ ಬರುತ್ತದೆ.

ಗದಗ, ಬೆಟಗೇರಿ

ಯಾರೂ ರೊಟ್ಟಿ ಬಡಿಯುವ ಅಕ್ಕಂದಿರ ಮಾತು ಎತ್ತಲಿಲ್ಲ! ನಮ್ಮ ಚಿಗವ್ವ ಒಂದು ಖಾನಾವಳಿಯಲ್ಲಿ ಇದೇ ಕೆಲಸ ಮಾಡುತ್ತಿದ್ದಳು. ಬೇಸಿಗೆಯಲ್ಲೂ ಒಲೆ ಮುಂದೆ, ಮಧ್ಯಾಹ್ನದ ಗದ್ದಲ ಮುಗಿಯುವವರೆಗೆ ಏಳುವ ಹಾಗಿಲ್ಲ. ಹೊರಗೆ ಇಟ್ಟ ಟಿಪ್ಸ್ ಒಳಗೆ ಬಂದದ್ದು ಅಪರೂಪ. ನೀವು ಮಾಲೀಕರನ್ನು ಕೇಳಿ ಅಡುಗೆಮನೆ ಬಾಗಿಲಿಗೆ ಹೋಗಿ. ನಿಮ್ಮ ಅಪ್ಪನ ಕೈಯಿಂದಲೇ ಒಬ್ಬೊಬ್ಬರಿಗೆ ನೂರು ಕೊಡಿಸಿ. ಹಿರಿಯರು ಖುಷಿಯ ದಿನ ಕೊಟ್ಟಿದ್ದನ್ನು ಯಾರೂ ಬೇಡ ಅನ್ನುವುದಿಲ್ಲ.

ಗದಗದಿಂದ ಕೇಳಿದವರು

ಎಲ್ಲರಿಗೂ ಶರಣು. ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುವವರಿಗೆ ನೂರರ ಜೊತೆ ಒಂದೊಂದು ಕುಪ್ಪಸದ ಖಣವನ್ನೂ ಕೊಡೋಣ ಅಂದಳು. ತಮ್ಮ ಹತ್ತರ, ಇಪ್ಪತ್ತರ, ಐವತ್ತರ ನೋಟು ಹೊಂದಿಸುತ್ತೇನೆ ಅಂದಿದ್ದಾನೆ. ಇನ್ನೊಂದು ಕೇಳುವುದಿತ್ತು. ಪುಣೆಯವರ ರೈಲು ಬರುವುದು ನಡುರಾತ್ರಿ. ಲಾಡ್ಜ್ ವಾಚ್‌ಮನ್‌ಗೂ ಕೊಡಬೇಕಾ?

ರಾಣೆಬೆನ್ನೂರಿನವರು

ಕೊಡಿ ಅಕ್ಕಾ, ಐವತ್ತು. ಮಲಗಿದವರನ್ನು ಎಬ್ಬಿಸಿ ಗೇಟ್ ತೆಗೆಸುತ್ತೀರಿ ಅಲ್ವಾ? ರೈಲು ತಡವಾದರೆ ಸಂಜೆಯೇ ಅವರಿಗೆ ಒಂದು ಮಾತು ಹೇಳಿಡಿ.