ಅಪ್‌ಡೇಟ್: ಥಂಡರ್‌ಬರ್ಡ್‌ನಲ್ಲಿ ಹೊಸ ಮೇಲ್ ಸೂಚನೆ ಈಗ ಬರುತ್ತಿದೆ

ಥಂಡರ್‌ಬರ್ಡ್ ಅನ್ನುವ ಇಮೇಲ್ ಪ್ರೋಗ್ರಾಂನಲ್ಲಿ ಹೊಸ ಮೇಲ್ ಬಂದರೂ ಸ್ಕ್ರೀನ್ ಮೂಲೆಯಲ್ಲಿ ಏನೂ ತೋರಿಸಲ್ಲ, ಪ್ರತಿ ಸಲ ನಾನೇ 'ಗೆಟ್ ಮೆಸೇಜಸ್' ಒತ್ತಬೇಕು ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ವಿಂಡೋಸ್ ಲ್ಯಾಪ್‌ಟಾಪ್, ಐಮ್ಯಾಪ್ ಖಾತೆ (ಮೇಲ್‌ಗಳು ಸರ್ವರ್‌ನಲ್ಲೇ ಇರುವ ಬಗೆ).

ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ 'ಶೋ ಆ್ಯನ್ ಅಲರ್ಟ್' ನೋಡಿ ಅಂದಿದ್ದಿರಿ. ಅಲ್ಲಿ ಟಿಕ್ ಮೊದಲೇ ಇತ್ತು. ಕೆಲಸಕ್ಕೆ ಬಂದಿದ್ದು ಅಕೌಂಟ್ ಸೆಟ್ಟಿಂಗ್ಸ್ ಒಳಗಿನ ಸರ್ವರ್ ಸೆಟ್ಟಿಂಗ್ಸ್. ಹೊಸ ಮೇಲ್ ಬಂದ ಕೂಡಲೇ ಸರ್ವರ್ ತಿಳಿಸಲಿ ಅನ್ನುವ ಆಯ್ಕೆ ಅಲ್ಲಿದೆ, ಅದಕ್ಕೆ ಟಿಕ್ ಹಾಕಿದೆ. ಇದರ ಹೆಸರು ಐಡಲ್, 1997ರಿಂದಲೇ ಇದೆ. ನಾವು ಹತ್ತು ನಿಮಿಷಕ್ಕೊಮ್ಮೆ ಹೋಗಿ ಕೇಳುವ ಬದಲು ಸಂಪರ್ಕ ತೆರೆದೇ ಇರುತ್ತದೆ, ಮೇಲ್ ಬಂದರೆ ಸರ್ವರೇ ಹೇಳುತ್ತದೆ. ಪಾಪ್ ಖಾತೆಯವರಿಗೆ (ಮೇಲ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಬಗೆ) ಈ ಸೌಲಭ್ಯ ಇಲ್ಲ, ನಿಮಿಷದ ಲೆಕ್ಕವೇ ಗತಿ.

ಇಷ್ಟಾದರೂ ಬ್ಯಾಂಕ್ ಮೇಲ್‌ಗಳು ಮಾತ್ರ ಸುಮ್ನೆ ಬಂದು ಕೂತಿರುತ್ತಿದ್ದವು. ಯಾಕಂದ್ರೆ ಅವನ್ನು ಬೇರೆ ಫೋಲ್ಡರ್‌ಗೆ ಹಾಕುವ ಫಿಲ್ಟರ್ ಇರುವುದು ಸರ್ವರ್‌ನಲ್ಲಿ, ಥಂಡರ್‌ಬರ್ಡ್ ಆ ಫೋಲ್ಡರ್ ಕಡೆ ತಾನಾಗಿ ತಿರುಗಿ ನೋಡುವುದಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಹೊಸ ಮೇಲ್ ತರುವಾಗ ಇದನ್ನೂ ನೋಡು ಅನ್ನುವುದಕ್ಕೆ ಟಿಕ್ ಹಾಕಿದರೆ ಆಯಿತು. ನನ್ನ ಪ್ರಕಾರ ಇದನ್ನು ಇಷ್ಟು ಒಳಗೆ ಬಚ್ಚಿಡಬೇಕಿರಲಿಲ್ಲ!

ಒಂದು ಮಾತು, ವಿಂಡೋಸ್‌ನಲ್ಲಿ 'ಡು ನಾಟ್ ಡಿಸ್ಟರ್ಬ್' ಆನ್ ಇದ್ದರೆ ಸೂಚನೆ ಎದುರಿಗೆ ಬರಲ್ಲ. ಥಂಡರ್‌ಬರ್ಡ್ ಪೂರ್ತಿ ಮುಚ್ಚಿದ್ದರೂ ಅಷ್ಟೇ. ನಾನು ಮಿನಿಮೈಸ್ ಮಾಡಿದಾಗ ಟ್ರೇಗೆ (ಗಡಿಯಾರದ ಪಕ್ಕದ ಚಿಕ್ಕ ಐಕಾನ್‌ಗಳ ಜಾಗ) ಹೋಗುವ ಹಾಗೆ ಇಟ್ಟಿದ್ದೇನೆ. ಶಬ್ದ ಬೇಡ ಅನ್ನಿಸಿತು, ತೆಗೆದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.